ಕುಡಿಯುವ ಹೊತ್ತಿಗೇ ಮೀಟಿಂಗ್: ನನ್ನ ಅನುಭವ

ನಾಲ್ಕು ಜನ ಕೂತು ಮಾತಾಡಿದರೆ ಕುಡಿತ ಬಿಟ್ಟುಹೋಗುತ್ತಾ? ಮನೆಯವರೂ ಕೇಳಿದರು, ಜೊತೆಗೆ ಕೆಲಸ ಮಾಡುವವರೂ ಕೇಳಿದರು. ಬಿಟ್ಟುಹೋಗಿದೆ, ಎರಡು ವರ್ಷದ ಮೇಲಾಯಿತು. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಅದರ ಗ್ರೂಪಿಗೆ ಸೇರಿದೆ ಅನ್ನುವುದಷ್ಟೇ ಇದಕ್ಕೆ ಕಾರಣ ಅಲ್ಲ. ಗ್ರೂಪನ್ನು ನಾನು ಗಡಿಯಾರ ನೋಡಿ ಆರಿಸಿದೆ. ಎಎಯ ಹನ್ನೆರಡು ಸ್ಟೆಪ್ (ಕುಡಿತದಿಂದ ಹೊರಬರುವ ಹಂತಗಳು, ದೇವರ ಮಾತೂ ಬರುತ್ತದೆ), ಸ್ಪಾನ್ಸರ್ (ಹೊಸಬರನ್ನು ಕೈಹಿಡಿದು ನಡೆಸುವ ಹಳೆಯ ಸದಸ್ಯ), ಇವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಮೊದಲು ದುಡ್ಡು ಹೋದದ್ದು ಹೇಳುತ್ತೇನೆ. ಒಂದು ಖಾಸಗಿ ಕೇಂದ್ರದಲ್ಲಿ ತಿಂಗಳ ಹತ್ತಿರ ಇದ್ದೆ. ಬಿಲ್ಲು ನನ್ನ ಮೂರು ನಾಲ್ಕು ತಿಂಗಳ ಸಂಬಳದಷ್ಟಾಯಿತು, ಅರ್ಧ ಸಾಲ. ಕೈ ನಡುಕ ನಿಂತಿತು, ನಿದ್ದೆ ಬಂತು, ಅದು ನಿಜ. ಆದರೆ ಆಚೆ ಬಂದ ಮೇಲೆ ಸಂಜೆ ಎಲ್ಲಿ ಕೂರಬೇಕು ಅಂತ ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಎರಡು ವಾರದಲ್ಲಿ ಮತ್ತೆ ಶುರು. ಆಮೇಲೆ ಎಎ ಮೀಟಿಂಗಿಗೆ ಹೋದೆ, ಭಾನುವಾರ ಬೆಳಿಗ್ಗೆಯದು. ಆರು ತಿಂಗಳು ಹೋಗಿರಬೇಕು. ಒಳ್ಳೆಯ ಜನ, ಒಳ್ಳೆಯ ಮಾತು. ಸೋಮವಾರ ಸಂಜೆ ಮತ್ತೆ ಗ್ಲಾಸು. ಭಾನುವಾರ ಬೆಳಿಗ್ಗೆ ನಾನು ಹೇಗೂ ಕುಡಿಯುತ್ತಿರಲಿಲ್ಲ ಅಲ್ವಾ! ನನಗೆ ಬೇಕಿದ್ದದ್ದು ಸಂಜೆಗೆ ಒಂದು ಜಾಗ.

ಹಾಗಾಗಿ ಎರಡು ವಾರ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಟೈಮ್ ಮಾತ್ರ ಬರೆದೆ. ಯಾವಾಗ ಮನಸ್ಸು ಎಳೆಯುತ್ತದೆ, ಯಾವಾಗ ಮೊದಲ ಪೆಗ್. ಹೆಚ್ಚುಕಡಿಮೆ ದಿನಾ ಆರೂವರೆಯಿಂದ ಎಂಟೂವರೆ ಒಳಗೇ. ಆಮೇಲೆ ಹೋಗಿಬರಲು ಆಗುವ ಮೀಟಿಂಗುಗಳನ್ನೆಲ್ಲ ಪಟ್ಟಿ ಮಾಡಿ, ಆ ಹೊತ್ತಿಗೆ ಬೀಳದವನ್ನೆಲ್ಲ ಹೊಡೆದುಹಾಕಿದೆ. ಉಳಿದದ್ದು ಐದಾರು. ಒಂದೊಂದಕ್ಕೂ ಮೂರು ಸಲವಾದರೂ ಹೋದೆ, ಯಾಕೆಂದರೆ ಒಂದು ದಿನ ಯಾರೋ ಒಬ್ಬರೇ ಅರ್ಧ ಗಂಟೆ ಮಾತಾಡಿ ಬೇಜಾರು ಮಾಡಿರುತ್ತಾರೆ, ಅದನ್ನೇ ಹಿಡಿದುಕೊಂಡು ಗ್ರೂಪೇ ಸರಿಯಿಲ್ಲ ಅನ್ನಬಾರದು. ಒಂದು ಕಡೆ ದೊಡ್ಡ ಭಾಷಣ, ಬಿಟ್ಟೆ. ಇನ್ನೊಂದು ಕಡೆ ಮೀಟಿಂಗ್ ಮುಗಿದ ಕೂಡಲೇ ಎಲ್ಲರೂ ಮಾಯ, ಒಂದು ಫೋನ್ ನಂಬರೂ ಸಿಗಲಿಲ್ಲ. ಅದನ್ನೂ ಬಿಟ್ಟೆ.

ಕೊನೆಗೆ ಸಿಕ್ಕಿದ್ದು ಏಳು ಗಂಟೆಯ ಒಂದು ಕ್ಲೋಸ್ಡ್ ಮೀಟಿಂಗ್, ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಮೊದಲ ದಿನ ನನ್ನ ಸರದಿ ಬಂದಾಗ ಬಾಯಿ ಒಣಗಿತ್ತು. ಪಕ್ಕದಲ್ಲಿದ್ದ ಹಿರಿಯರು ಮೆಲ್ಲಗೆ ಹೇಳಿದರು: "ಮಾತಾಡಲೇಬೇಕು ಅಂತಿಲ್ಲ ಕಣಪ್ಪ. ನಾಳೆ ಸ್ವಲ್ಪ ಬೇಗ ಬಾ, ಕುರ್ಚಿ ಹಾಕೋಣ." ಆ ಕುರ್ಚಿ ಕೆಲಸವೇ ನನ್ನನ್ನು ಹಿಡಿದಿಟ್ಟಿತು. ಆರೂವರೆಗೆ ಅಲ್ಲಿರಬೇಕು, ಬೀಗದ ಕೈ ನನ್ನ ಹತ್ತಿರ, ಹೋಗದಿದ್ದರೆ ಹದಿನೈದು ಜನ ಬಾಗಿಲ ಹೊರಗೆ ನಿಲ್ಲುತ್ತಾರೆ. ಹೊಸಬರಿಗೆ ನಾನು ಮೊದಲು ಹೇಳುವುದೇ ಇದು: ಶೇರ್ ಮಾಡುವುದು, ಅಂದರೆ ಎಲ್ಲರ ಮುಂದೆ ನಿಮ್ಮ ಕಥೆ ಹೇಳುವುದು ಆಮೇಲೆ, ಮೊದಲು ಒಂದು ಕೆಲಸ ಕೇಳಿ ತಗೊಳ್ಳಿ. ವಾರದ ಮಿಕ್ಕ ದಿನಗಳಿಗೆ ಅದೇ ಹೊತ್ತಿನ ಆನ್‌ಲೈನ್ ಮೀಟಿಂಗ್ ಸೇರಿಸಿಕೊಂಡೆ. ಮೊದಲ ಮೂರು ತಿಂಗಳು ಒಂದು ಸಂಜೆಯನ್ನೂ ಖಾಲಿ ಬಿಡಲಿಲ್ಲ.

ಗಡಿಯಾರ ನೋಡಿ ಗ್ರೂಪ್ ಆರಿಸುವುದಾ ಅಂತ ಹಳೆಯ ಸದಸ್ಯರೇ ತಲೆ ಅಲ್ಲಾಡಿಸಿದರು. ಎಎ ಹುಟ್ಟಿದ್ದೇ ಹಾಗಲ್ವಾ? 1935ರಲ್ಲಿ ಅಮೆರಿಕದ ಅಕ್ರನ್ ಊರಿನ ಹೋಟೆಲಿನಲ್ಲಿ, ಆಗಷ್ಟೇ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್‌ಗೆ ಬಾರಿನ ಕಡೆ ಕಾಲು ಎಳೆದಾಗ, ಅದೇ ಗಳಿಗೆಯಲ್ಲಿ ಫೋನ್ ಹಿಡಿದು ಇನ್ನೊಬ್ಬ ಕುಡುಕನನ್ನು ಹುಡುಕಿದರು. ಅವರ ಜೊತೆ ಸೇರಿ ಎಎ ಕಟ್ಟಿದ ಡಾಕ್ಟರ್ ಬಾಬ್ ಸಿಕ್ಕಿದ್ದು ಹಾಗೆ. ಮಾತಿನಿಂದ ಏನಾಗುತ್ತೆ ಅನ್ನುವವರಿಗೆ 2020ರ ಕಾಕ್ರೇನ್ ವಿಮರ್ಶೆ ತೋರಿಸುತ್ತೇನೆ, ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡುವ ವರದಿ ಅದು. 27 ಅಧ್ಯಯನ, ಹತ್ತು ಸಾವಿರಕ್ಕೂ ಜಾಸ್ತಿ ಜನ. ಪೂರ್ತಿ ಬಿಟ್ಟು ಇರುವ ವಿಷಯದಲ್ಲಿ, ಎಎಗೆ ಹಚ್ಚುವ ಕ್ರಮಬದ್ಧ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಮುಂದಿತ್ತು.

ನಡುವೆ ಸ್ಮಾರ್ಟ್ ರಿಕವರಿ ಅನ್ನುವ, ಎಎಯಲ್ಲದ ಇನ್ನೊಂದು ನೆರವಿನ ಗುಂಪನ್ನೂ ನೋಡಿದೆ. ದೇವರ ಮಾತು ಬೇಡ ಅನ್ನುವವರಿಗೆ ಅದು ಹೊಂದುತ್ತದೆ. ಕುಡಿದರೆ ಏನು ಲಾಭ, ಏನು ನಷ್ಟ ಅಂತ ನಾಲ್ಕು ಖಾನೆ ಹಾಕಿ ಬರೆಯುವುದನ್ನು ಅಲ್ಲಿಂದಲೇ ಕಲಿತೆ, ಈಗಲೂ ಪರ್ಸಿನಲ್ಲಿದೆ. ಸುಮ್ನೆ ಕುತೂಹಲಕ್ಕೆ ಎಳೆತ ಎಷ್ಟು ಹೊತ್ತು ಇರುತ್ತದೆ ಅಂತ ವಾಚಿನಲ್ಲೂ ಅಳೆದೆ. ನನ್ನದು ಇಪ್ಪತ್ತು ನಿಮಿಷದ ಆಚೆ ಹೋದದ್ದು ಕಡಿಮೆ. ಹೊಟ್ಟೆ ಹಸಿದಿದ್ದರೆ ಮಾತ್ರ ಬಿಡುವುದಿಲ್ಲ, ಹಾಗಾಗಿ ಮೀಟಿಂಗಿಗೆ ಮುಂಚೆ ತಿಂದೇ ಹೋಗುತ್ತೇನೆ. ಬಾರಿನ ಮುಂದೆ ಹಾದುಹೋಗುವಾಗ ಮಾಡುವುದು ಇನ್ನೊಂದಿದೆ. ಅದು ನನಗೂ ನನ್ನ ಸ್ಪಾನ್ಸರ್‌ಗೂ ಇರಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಿಸಿ ಜೀವಕ್ಕೇ ಕುತ್ತಾಗಬಹುದು. ಅದನ್ನು ಯಾವ ಗ್ರೂಪೂ ನೋಡಿಕೊಳ್ಳಲಾರದು.

ಈಗ ಖರ್ಚು. ಎಎಯಲ್ಲಿ ಫೀಸು ಇಲ್ಲ, ಬುಟ್ಟಿ ಬಂದಾಗ ಕೈಲಾದಷ್ಟು ಹಾಕುವುದು, ಇಲ್ಲದಿದ್ದರೆ ಮುಂದಕ್ಕೆ ದಾಟಿಸುವುದು. ಕುಡಿತಕ್ಕೆ ನನ್ನ ಸಂಬಳದ ಕಾಲು ಭಾಗದ ಹತ್ತಿರ ಹೋಗುತ್ತಿತ್ತು. ಅದನ್ನು ತಿಂಗಳ ಮೊದಲ ದಿನವೇ ಬೇರೆ ಖಾತೆಗೆ ಹಾಕುತ್ತಾ ಬಂದೆ. ವರ್ಷದೊಳಗೆ ಆ ಕೇಂದ್ರದ ಸಾಲ ತೀರಿತು.

ಈಗ ನಮ್ಮ ಗ್ರೂಪಿನಲ್ಲಿ ಹೊಸಬರು ಬಂದರೆ ಮೊದಲ ಪ್ರಶ್ನೆ, "ಎಷ್ಟು ಹೊತ್ತಿಗೆ ಕುಡೀತೀರಿ?" ಒಬ್ಬರದು ರಾತ್ರಿ ಹನ್ನೊಂದು. ಆ ಹೊತ್ತಿಗೆ ಇಲ್ಲಿ ಯಾವ ಬಾಗಿಲೂ ತೆರೆದಿರುವುದಿಲ್ಲ. ಬೆಳಗಾಗಿರುವ ಬೇರೊಂದು ದೇಶದ ಆನ್‌ಲೈನ್ ಮೀಟಿಂಗ್ ಹುಡುಕಿಕೊಟ್ಟೆವು. ಎರಡು ತಿಂಗಳ ಮೇಲಾಯಿತು, ಒಂದು ರಾತ್ರಿಯೂ ತಪ್ಪಿಸಿಲ್ಲ.