ದುಬೈಗೆ ಹೊರಡುವ ಮೊದಲು ಫೈಲು ಕಟ್ಟಿ

ಗಲ್ಫಿಗೆ ಹೊರಟ ನಮ್ಮ ಕಡೆಯ ಹುಡುಗರು ಫೋನ್ ಮಾಡಿದರೆ ಮೊದಲು ಕೇಳುವುದು ಬ್ಯಾಗಿನ ವಿಷಯ. ಎಷ್ಟು ಕೆಜಿ ಬಿಡ್ತಾರೆ, ಉಪ್ಪಿನಕಾಯಿ ತರಬಹುದಾ, ಅಲ್ಲಿ ಕುಚ್ಚಲಕ್ಕಿ ಸಿಗ್ತದಾ ಅಂತ. ಕುಚ್ಚಲಕ್ಕಿ ಧಾರಾಳ ಸಿಗುತ್ತದೆ ಮಾರಾಯ, ಅದರ ಚಿಂತೆ ಬಿಡು ಅನ್ನುತ್ತೇನೆ. ಆಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಕಾಗದಪತ್ರದ ಫೈಲು ರೆಡಿ ಇದೆಯಾ?

ನನ್ನ ಊರು ಕಾಸರಗೋಡಿನ ಪೆರ್ಲದ ಹತ್ತಿರ. ದುಬೈಯಲ್ಲಿ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಲೆಕ್ಕ ನೋಡುವ ಕೆಲಸ. ಇಲ್ಲಿ ಬರೆಯುವುದು ಯುಎಇ ವಿಷಯ ಮಾತ್ರ, ಸೌದಿ, ಕುವೈತಿನ ಕ್ರಮ ಬೇರೆ. ನನ್ನ ಮಟ್ಟಿಗೆ ದುಬೈಯಲ್ಲಿ ನೆಲೆ ಊರುವ ಅರ್ಧ ಕೆಲಸ ಕಾಸರಗೋಡಿನಲ್ಲೇ ಮುಗಿಯಬೇಕು. ಊರಲ್ಲಿ ಒಂದು ದಿನದ ಓಡಾಟದಲ್ಲಿ ಆಗುವ ಕೆಲಸ, ಅಲ್ಲಿ ಕೂತು ಕೊರಿಯರ್ ಮಾಡಿ ಯಾರದೋ ಕೈಕಾಲು ಹಿಡಿದು ಮಾಡಿಸುವಾಗ ಜೀವ ಹೋಗುತ್ತದೆ.

ಮೊದಲು ಹೆಸರು. ನಮ್ಮಲ್ಲಿ ಹೆಚ್ಚಿನವರಿಗೆ ಸರ್‌ನೇಮ್ ಅಂತ ಒಂದಿಲ್ಲ. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್, ಆಧಾರದಲ್ಲಿ ಮನೆ ಹೆಸರು, ಪಾಸ್‌ಪೋರ್ಟಿನಲ್ಲಿ ಬರೀ ಹೆಸರು. 2022ರ ನವೆಂಬರಿನಲ್ಲಿ ಯುಎಇ ಒಂದು ಸುತ್ತೋಲೆ ಹೊರಡಿಸಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಪ್ರವೇಶ ಇಲ್ಲ ಅಂದಿತು. ಆಮೇಲೆ ವಿಸಿಟ್ ವೀಸಾದವರಿಗೆ ಅಪ್ಪನ ಹೆಸರು ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿದ್ದರೆ ಆಗುತ್ತದೆ ಅಂತ ಸ್ವಲ್ಪ ಸಡಿಲವಾಯಿತು. ಆದರೆ ಅದನ್ನು ನಂಬಿ ಟಿಕೆಟ್ ಮಾಡಬೇಡಿ. ನಾನು ಪಯ್ಯನ್ನೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ, ಸರ್‌ನೇಮಿನ ಜಾಗಕ್ಕೆ ಅಪ್ಪನ ಹೆಸರು ಹಾಕಿಸಿ ಪಾಸ್‌ಪೋರ್ಟ್ ಬದಲಿಸಿಕೊಂಡೆ. ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಸುವುದು ಒಳ್ಳೆಯದು. ಮುಂದೆ ಬ್ಯಾಂಕು, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ವಿಮೆ ಎಲ್ಲ ಪಾಸ್‌ಪೋರ್ಟಿನ ಹೆಸರನ್ನೇ ಹಿಡಿದುಕೊಂಡು ಹೋಗುತ್ತವೆ.

ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರಕಾರದ ಅನುಮತಿ ಬೇಕು ಅನ್ನುವ ಗುರುತು, ಇದೆಯಾ ಅಂತಲೂ ನೋಡಿಕೊಳ್ಳಿ. ಹತ್ತನೇ ತರಗತಿ ಪಾಸಾಗದವರಿಗೆ ಅದು ಬೀಳುತ್ತದೆ. ಅಂಥವರು ಕೆಲಸದ ವೀಸಾದಲ್ಲಿ ಯುಎಇಗೆ ಹೋಗಬೇಕಾದರೆ ಕೇಂದ್ರ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅನುಮತಿ ಬೇಕು, ಪ್ರವಾಸಿ ಭಾರತೀಯ ವಿಮಾ ಯೋಜನೆಯ ವಿಮೆಯೂ ಬೇಕು. ಹತ್ತು ಲಕ್ಷ ರೂಪಾಯಿಯ ಆ ವಿಮೆಗೆ ಎರಡು ವರ್ಷಕ್ಕೆ 275 ರೂಪಾಯಿ. ಇದನ್ನೆಲ್ಲ ತಪ್ಪಿಸಲು ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲಿ ಕೆಲಸಕ್ಕೆ ಹಾಕುತ್ತೇನೆ ಅನ್ನುವ ಏಜೆಂಟ್ ಸಿಕ್ಕರೆ ಅವನ ಚಹಾ ಕೂಡ ಕುಡಿಯಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ.

ಇನ್ನು ಸರ್ಟಿಫಿಕೇಟ್. ಗಡಿನಾಡಿನವರಿಗೆ ಮಾತ್ರ ಇರುವ ತಲೆನೋವು ಇದು. ನಾನು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಹಾಗಾಗಿ ಜನನ ಪತ್ರ ಕರ್ನಾಟಕದ್ದು. ಎಸ್ಸೆಸ್ಸೆಲ್ಸಿ ಕೇರಳದ್ದು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪದವಿ ಮಂಗಳೂರು ವಿಶ್ವವಿದ್ಯಾನಿಲಯದ್ದು. ಮದುವೆ ನೋಂದಣಿ ಮತ್ತೆ ಕೇರಳದ ಪಂಚಾಯತಿನಲ್ಲಿ. ಯಾವ ರಾಜ್ಯ ಕೊಟ್ಟ ಕಾಗದವೋ ಆ ರಾಜ್ಯವೇ ಮೊದಲು ಅದಕ್ಕೆ ಮುದ್ರೆ ಹಾಕಬೇಕು. ಕೇರಳದ್ದಕ್ಕೆ ನೋರ್ಕಾ ರೂಟ್ಸ್ ಇದೆ, ಹೊರನಾಡ ಕೇರಳದವರಿಗಾಗಿ ಅಲ್ಲಿನ ಸರಕಾರ ನಡೆಸುವ ಸಂಸ್ಥೆ; ನಮಗೆ ಹತ್ತಿರದ್ದು ಕೋಝಿಕ್ಕೋಡ್. ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಿ, ಮೂಲ ಪ್ರತಿ ಹಿಡಿದುಕೊಂಡು ಹೋಗಬೇಕು. ಪದವಿಯ ಕಾಗದಕ್ಕೆ ಕರ್ನಾಟಕದ ದಾರಿ. ಅಲ್ಲಿಂದ ಮುಂದೆ ಎರಡೂ ಒಂದೇ ದಾರಿಗೆ ಬರುತ್ತವೆ: ಕೇಂದ್ರದ ವಿದೇಶಾಂಗ ಸಚಿವಾಲಯ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಇಲಾಖೆ. ಅಪೋಸ್ಟಿಲ್, ಅಂದರೆ ಒಂದು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವ ಮುದ್ರೆ, ಮಾಡಿಸಿದರೆ ಸಾಕು ಅಂತ ಕೆಲವು ಏಜೆಂಟರು ಹೇಳುತ್ತಾರೆ. ಸಾಲದು. ಆ ಒಪ್ಪಂದದಲ್ಲಿ ಯುಎಇ ಇಲ್ಲ.

ಮದುವೆಯಾದವರು ಮದುವೆಯ ಸರ್ಟಿಫಿಕೇಟನ್ನೂ, ಮಕ್ಕಳಿದ್ದರೆ ಅವರ ಜನನ ಪತ್ರವನ್ನೂ ಅದೇ ಸಲಕ್ಕೆ ಮಾಡಿಸಿಬಿಡಿ. ಹೆಂಡತಿ ಮಕ್ಕಳನ್ನು ಈಗ ಕರೆಸಿಕೊಳ್ಳುವ ಯೋಚನೆ ಇಲ್ಲದಿದ್ದರೂ ಸರಿ. ಅಲ್ಲಿ ಸಂಸಾರ ಕರೆಸಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಮತ್ತು ಕಂಪೆನಿ ಕೊಡುವ ಮನೆ ಇರಬೇಕು. ಸಂಬಳ ಅಲ್ಲಿಗೆ ಮುಟ್ಟಿದ ದಿನ ಕಾಗದ ಕೈಯಲ್ಲಿರಲಿ.

ಬ್ಯಾಗಿನ ವಿಷಯಕ್ಕೂ ಬರುತ್ತೇನೆ. ತೂಕಕ್ಕಿಂತ ಜಾಸ್ತಿ ಹೆದರಬೇಕಾದ್ದು ಎರಡು ವಸ್ತುಗಳಿಗೆ. ಒಂದು ಗಸಗಸೆ. ನಮ್ಮಲ್ಲಿ ಪಾಯಸ ಮಾಡಿ ಕುಡಿದು ಮಧ್ಯಾಹ್ನ ಮಲಗುವ ಸಾಮಾನು, ಅಲ್ಲಿ ಮಾದಕ ವಸ್ತುವಿನ ಲೆಕ್ಕ. ಅಮ್ಮ ಕಟ್ಟಿಕೊಟ್ಟ ಮಸಾಲೆ ಹುಡಿಗೆ ಏನೇನು ಬಿದ್ದಿದೆ ಅಂತ ನಾನು ಕೂತು ವಿಚಾರಿಸಿದೆ.

"ಅಮ್ಮಾ, ಇದಕ್ಕೆ ಗಸಗಸೆ ಹಾಕಿದ್ದೀರಾ?"

"ಸ್ವಲ್ಪ ಹಾಕಿದ್ದೇನೆ ಮಗಾ, ರುಚಿಗೆ."

ಆ ಪೊಟ್ಟಣ ಮನೆಯಲ್ಲೇ ಉಳಿಯಿತು. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಇನ್ನೊಂದು ವೀಳ್ಯದೆಲೆ. ಅಡಿಕೆ ತೋಟದ ನಡುವೆ ಬೆಳೆದವರಿಗೆ ಇದು ತಮಾಷೆ ಅನಿಸಬಹುದು, ಆದರೆ ಎಲೆ, ಪಾನ್ ಸಾಮಾನು ದುಬೈ ಕಸ್ಟಮ್ಸಿನ ನಿಷೇಧದ ಪಟ್ಟಿಯಲ್ಲೇ ಇವೆ. ಔಷಧಿಯೂ ಜಾಗ್ರತೆ. ಕೊಡೀನ್, ಟ್ರಮಡಾಲ್ ಇರುವ ಮಾತ್ರೆಗಳಿಗೆ ಅಲ್ಲಿ ಕಡಿವಾಣ ಇದೆ, ಮೊದಲೇ ಅನುಮತಿ ಬೇಕು. ಉಳಿದ ಮಾತ್ರೆಗೂ ಡಾಕ್ಟರ ಚೀಟಿ ಇಟ್ಟುಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯದ್ದು, ಆಫರ್ ಲೆಟರ್. ಹುಡುಗರು ಕೊನೆಯ ಸಾಲಿನ ಒಟ್ಟು ಮೊತ್ತ ನೋಡಿ ಸಹಿ ಹಾಕುತ್ತಾರೆ. ನೋಡಬೇಕಾದ್ದು ಬೇಸಿಕ್, ಅಂದರೆ ಮೂಲ ವೇತನ. 3,000 ದಿರ್ಹಮ್ ಸಂಬಳ ಅಂತ ಇಟ್ಟುಕೊಳ್ಳಿ. ಒಂದು ಕಂಪೆನಿ ಬೇಸಿಕ್ 1,200, ಉಳಿದದ್ದು ಭತ್ಯೆ ಅಂತ ಬರೆಯುತ್ತದೆ. ಇನ್ನೊಂದು ಬೇಸಿಕ್ 2,000 ಅನ್ನುತ್ತದೆ. ತಿಂಗಳ ಕೊನೆಗೆ ಕೈಗೆ ಬರುವುದು ಎರಡರಲ್ಲೂ ಒಂದೇ. ಆದರೆ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ. ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್, ಅಲ್ಲಿಂದ ಮೇಲೆ ವರ್ಷಕ್ಕೆ 30 ದಿನದ್ದು. ಐದು ವರ್ಷ ಮುಗಿಸಿದರೆ ಮೊದಲನೆಯವನಿಗೆ ಸುಮಾರು 4,200 ದಿರ್ಹಮ್, ಎರಡನೆಯವನಿಗೆ 7,000. ಕೆಲಸ ಒಂದೇ, ಬಿಸಿಲೂ ಒಂದೇ, ಅಲ್ವಾ? ನಾನು ಇಂಟರ್‌ವ್ಯೂ ಮುಗಿದ ಮೇಲೆ ಒಟ್ಟು ಸಂಬಳ ಏರಿಸಿ ಅಂತ ಕೇಳಲಿಲ್ಲ, ಬೇಸಿಕ್ ಏರಿಸಿ ಅಂತ ಕೇಳಿದೆ. ಕಂಪೆನಿಗೆ ಆ ತಿಂಗಳು ಒಂದು ದಿರ್ಹಮ್ ಕೂಡ ಜಾಸ್ತಿ ಖರ್ಚಿಲ್ಲ, ಒಪ್ಪಿದರು.

ಅಲ್ಲಿನ ಕಾರ್ಮಿಕ ಇಲಾಖೆಯ ಆಫರ್ ಲೆಟರ್ ಅರಬಿ ಮತ್ತು ಇಂಗ್ಲಿಷಿನ ಜೊತೆ ಮಲಯಾಳದಲ್ಲೂ ಸಿಗುತ್ತದೆ. ಕನ್ನಡದಲ್ಲಿ ಇಲ್ಲ. ಕಾಸರಗೋಡಿನವರಿಗೆ ಬಸ್ಸಿನ ಬೋರ್ಡು ಓದಿ ಓದಿಯೇ ಮಲಯಾಳ ಬಂದಿರುತ್ತದೆ, ಅದು ಇಲ್ಲಿ ಉಪಯೋಗಕ್ಕೆ ಬರಲಿ. ಊರಲ್ಲಿ ಸಹಿ ಹಾಕಿದ್ದು ಒಂದು, ಅಲ್ಲಿ ಹೋದಾಗ ಮುಂದಿಡುವುದು ಇನ್ನೊಂದು ಆಗಬಾರದು. ಮೊಬೈಲಿನಲ್ಲಿ ಫೋಟೋ ಇರಲಿ, ಮನೆಯಲ್ಲಿ ಜೆರಾಕ್ಸ್ ಇರಲಿ.

2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ವೀಸಾ ಖರ್ಚು, ನೇಮಕದ ಖರ್ಚು ಕಂಪೆನಿಯದ್ದು. ನಿಮ್ಮಿಂದ ವಸೂಲು ಮಾಡುವಂತಿಲ್ಲ. ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವಂತಿಲ್ಲ. ಪ್ರೊಬೇಷನ್ ಆರು ತಿಂಗಳಿಗಿಂತ ಉದ್ದ ಇರುವಂತಿಲ್ಲ. ನನ್ನ ಪರಿಚಯದ ಹುಡುಗನೊಬ್ಬನ ಕಂಪೆನಿ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಾಗ, ಬ್ಯಾಂಕಿಗೆ ತೋರಿಸಬೇಕು ಅಂತ ಹೇಳಿ ವಾಪಸ್ ತೆಗೆದುಕೊಂಡು ತನ್ನ ಪೆಟ್ಟಿಗೆಯಲ್ಲೇ ಇಟ್ಟ. ಜಗಳ ಬೇಕಾಗಲಿಲ್ಲ.

ಇಳಿದ ಮೇಲಿನ ಓಡಾಟ ಕಂಪೆನಿಯ ಪಿಆರ್‌ಒ, ಅಂದರೆ ಸರಕಾರಿ ಕಚೇರಿಯ ಕೆಲಸ ನೋಡಿಕೊಳ್ಳುವವನ ಕೈಯಲ್ಲಿರುತ್ತದೆ. ಎಂಟ್ರಿ ಪರ್ಮಿಟಿನಲ್ಲಿ ಬಂದವರಿಗೆ 60 ದಿನದ ಅವಧಿ, ಅದರೊಳಗೆ ಮೆಡಿಕಲ್, ಬೆರಳಚ್ಚು, ಎಮಿರೇಟ್ಸ್ ಐಡಿ ಮುಗಿಯಬೇಕು. ಮೆಡಿಕಲ್ ಅಂದರೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಹಳೆಯ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಕಂಡರೂ ತೊಂದರೆ ಆಗಬಹುದು, ಅದಕ್ಕೆ ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ ನೋಡಿಕೊಂಡು ಹೊರಡುವುದು ಜಾಣತನ. ಅರ್ಜಿ ಎಲ್ಲ ಟೈಪಿಂಗ್ ಸೆಂಟರಿನಲ್ಲಿ. ಅಲ್ಲಿ ಕೂತ ಹುಡುಗ ದಿನಕ್ಕೆ ಎಷ್ಟು ಜನರ ಹೆಸರು ಹೊಡೆಯುತ್ತಾನೋ ಏನೋ. ಪ್ರಿಂಟ್ ಒತ್ತುವ ಮೊದಲು ಸ್ಕ್ರೀನ್ ಈ ಕಡೆ ತಿರುಗಿಸಲು ಹೇಳಿ, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ. 2022ರಿಂದ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಹಚ್ಚುವುದಿಲ್ಲ, ಐಡಿ ಕಾರ್ಡೇ ವೀಸಾ. ಅದರಲ್ಲಿ ತಪ್ಪಾದರೆ ಎಲ್ಲದರಲ್ಲೂ ತಪ್ಪು.

ಕಂಪೆನಿ ರೂಮು ಕೊಡದಿದ್ದರೆ ಬೆಡ್‌ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆಯ ಜಾಗ, ಹುಡುಕಬೇಕು. ದೇರಾ, ಕರಾಮ, ಖಿಸೈಸ್, ಇಲ್ಲವೇ ಗಡಿ ದಾಟಿ ಶಾರ್ಜಾದ ರೋಲಾ. ಶಾರ್ಜಾ ಅಗ್ಗ, ಆದರೆ ಬೆಳಿಗ್ಗೆ ಸಂಜೆ ಆ ರಸ್ತೆಯ ಬ್ಲಾಕಿನಲ್ಲಿ ಆಯುಷ್ಯ ಕಳೆಯುತ್ತದೆ. ನಾನು ಮೆಟ್ರೋ ಹತ್ತಿರದ ಜಾಗವನ್ನೇ ಹುಡುಕಿದೆ. ಮೆಟ್ರೋ, ಬಸ್ಸಿಗೆ ಬಳಸುವ ನೋಲ್ ಕಾರ್ಡಿನಲ್ಲಿ ಒಂದು ವಲಯದೊಳಗೆ 3 ದಿರ್ಹಮ್, ಎರಡು ವಲಯಕ್ಕೆ 5, ಅದಕ್ಕಿಂತ ದೂರಕ್ಕೆ 7.5. ಬಾಡಿಗೆ ಮತ್ತು ಈ ಖರ್ಚು ಕೂಡಿಸಿ ನೋಡಿದರೆ ಯಾವುದು ನಿಜವಾಗಿ ಅಗ್ಗ ಅಂತ ಗೊತ್ತಾಗುತ್ತದೆ. ಮೆಟ್ರೋದಲ್ಲಿ ಚ್ಯೂಯಿಂಗ್ ಗಮ್ ಜಗಿದರೂ 100 ದಿರ್ಹಮ್ ದಂಡ, ನೆನಪಿರಲಿ.

ಬೆಡ್ ನೋಡುವುದನ್ನು ನನಗೆ ಕಲಿಸಿದ್ದು ಮೊಗ್ರಾಲಿನ ಒಬ್ಬ ಇಚ್ಚ (ಅಣ್ಣ), ದೇರಾದಲ್ಲಿ ಹಳಬ. ಅವರ ಜೊತೆ ರೂಮು ನೋಡಲು ಹೋದರೆ ಎಸಿ, ಕಿಟಕಿ ಯಾವುದನ್ನೂ ನೋಡಲಿಲ್ಲ. ನೇರ ಹೋಗಿ ಹಾಸಿಗೆಯ ಮೂಲೆ ಎತ್ತಿದರು.

"ತಮ್ಮಾ, ಬೆಡ್‌ಶೀಟ್ ಯಾರು ಬೇಕಾದರೂ ಒಗೆದು ಹಾಸ್ತಾರೆ. ನೀನು ಈ ಹೊಲಿಗೆ ನೋಡು."

ಹೊಲಿಗೆಯ ಉದ್ದಕ್ಕೆ ಸಣ್ಣ ಕಪ್ಪು ಚುಕ್ಕೆಗಳು. ಮಂಚದ ಕಬ್ಬಿಣದ ಮೂಲೆಗೆ ಮೊಬೈಲಿನ ಟಾರ್ಚ್ ಹಿಡಿದರು, ಅಲ್ಲಿ ತಿಗಣೆಗಳ ಪೂರ್ತಿ ಕುಟುಂಬ. ಇಬ್ಬರೂ ಸುಮ್ನೆ ಮೆಟ್ಟಿಲಿಳಿದು ಬಂದೆವು. ತಿಗಣೆ ಒಮ್ಮೆ ಬಟ್ಟೆಯ ಪೆಟ್ಟಿಗೆಗೆ ಹತ್ತಿದರೆ ನಿಮ್ಮ ಜೊತೆ ಮುಂದಿನ ರೂಮಿಗೂ ಬರುತ್ತದೆ.

ಇನ್ನೂ ಮೂರು ವಿಷಯ ಕೇಳಿ: ಒಂದು ರೂಮಿನಲ್ಲಿ ಎಷ್ಟು ಜನ, ರಾತ್ರಿ ಪಾಳಿಯವರು ಯಾರಾದರೂ ಇದ್ದಾರಾ, ಮೆಸ್ ಹೇಗೆ. ಮೆಸ್ಸಿನಲ್ಲಿ ಅಡುಗೆ ಸರದಿ ಪ್ರಕಾರ. ಊರಲ್ಲಿ ಅನ್ನ ಬಸಿಯಲು ಗೊತ್ತಿಲ್ಲದವರೂ ಅಲ್ಲಿ ಸಾರು ಮಾಡುತ್ತಾರೆ. ಹೊರಡುವ ಮೊದಲು ಅಮ್ಮನ ಹತ್ತಿರ ನಿಂತು ಎರಡು ಪದಾರ್ಥ ಕಲಿತರೆ ಸರದಿ ಬಂದ ದಿನ ಬೈಗುಳ ಕಡಿಮೆ. ಬಾಡಿಗೆ ಕರಾರು ಇಜಾರಿಯಲ್ಲಿ (ದುಬೈ ಸರಕಾರದ ಬಾಡಿಗೆ ದಾಖಲೆ) ನೋಂದಣಿ ಆಗಿದೆಯಾ, ಆ ಮನೆಯಲ್ಲಿ ಹಂಚಿಕೊಂಡು ಇರಲು ಅನುಮತಿ ಇದೆಯಾ ಅಂತಲೂ ಕೇಳಬೇಕು. ತಪಾಸಣೆ ಬಂದರೆ ರಾತ್ರೋರಾತ್ರಿ ಬೀದಿಗೆ ಬೀಳುವುದು ಬೆಡ್‌ನವನು.

ಮನೆಗೆ ಫೋನ್. ವಾಟ್ಸಾಪಿನಲ್ಲಿ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಬೋಟಿಮ್ ಅನ್ನುವ ಆ್ಯಪ್‌ಗೆ ಅಲ್ಲಿ ಪರವಾನಗಿ ಇದೆ. ಅದನ್ನು ಅಪ್ಪ ಅಮ್ಮನ ಮೊಬೈಲಿಗೆ ಹಾಕಿ, ಹೇಗೆ ಎತ್ತುವುದು ಅಂತ ಕಲಿಸಿಯೇ ವಿಮಾನ ಹತ್ತಿ. ಅಲ್ಲಿನ ಗಂಟೆ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನಿಮ್ಮ ರಾತ್ರಿ ಊಟ ಮುಗಿಯುವಾಗ ಊರಲ್ಲಿ ನಿದ್ದೆ.

ದುಡ್ಡಿನ ವಿಷಯದಲ್ಲಿ ಊರಿನ ಬ್ಯಾಂಕಿಗೆ ಹೋಗಿ ವಿದೇಶಕ್ಕೆ ಕೆಲಸಕ್ಕೆ ಹೋಗುತ್ತಿದ್ದೇನೆ ಅಂತ ಹೇಳಬೇಕು. ಈಗಿನ ಉಳಿತಾಯ ಖಾತೆ ಎನ್‌ಆರ್‌ಒ ಆಗುತ್ತದೆ, ಅಡಿಕೆ ಮಾರಿದ ದುಡ್ಡು, ಬಾಡಿಗೆ ಅದಕ್ಕೆ. ಅಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ಖಾತೆ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಅಲ್ಲಿ ಸಂಬಳದ ಖಾತೆ ತೆರೆದ ಮರುವಾರವೇ ಕ್ರೆಡಿಟ್ ಕಾರ್ಡ್ ಕೊಡುತ್ತೇವೆ, ಸಾಲ ಕೊಡುತ್ತೇವೆ ಅಂತ ಫೋನ್ ಶುರುವಾಗುತ್ತದೆ. ಮಲಯಾಳದಲ್ಲಿ, ಹಿಂದಿಯಲ್ಲಿ, ಕೆಲವೊಮ್ಮೆ ತುಳುವಿನಲ್ಲೂ. ತುಳು ಕೇಳಿದರೆ ಮನಸ್ಸು ಕರಗುತ್ತದೆ, ಆದರೂ ಬೇಡ ಅನ್ನಿ. ಬಾಕಿ ಉಳಿಸಿಕೊಂಡು ಕೋರ್ಟಿಗೆ ಹೋದರೆ ದೇಶ ಬಿಡುವುದಕ್ಕೇ ತಡೆ ಬೀಳಬಹುದು.

ಕೆಲಸ ಹೋದರೆ ಅನ್ನುವುದಕ್ಕೆ 2023ರಿಂದ ಒಂದು ವಿಮೆ ಕಡ್ಡಾಯ. ಬೇಸಿಕ್ 16,000 ದಿರ್ಹಮ್ ತನಕ ಇದ್ದವರಿಗೆ ತಿಂಗಳಿಗೆ 5 ದಿರ್ಹಮ್. ಮಾಡಿಸದಿದ್ದರೆ ದಂಡ 400. ಕಂಪೆನಿ ಮಾಡಿಸಿದೆ ಅಂತ ಊಹಿಸಬೇಡಿ, ಕೇಳಿ ನೋಡಿ. ಆರೋಗ್ಯ ವಿಮೆ ಮಾತ್ರ ಕಂಪೆನಿಯ ಹೊಣೆ. ಹೊರಗೆ ಬಿಸಿಲಲ್ಲಿ ಕೆಲಸ ಮಾಡುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರ ವರೆಗೆ ಕಡ್ಡಾಯ ವಿರಾಮ.

ಜನ ಸಿಗುತ್ತಾರೆ, ಅದಕ್ಕೆ ಹೆದರಿಕೆ ಬೇಡ. ನಮ್ಮವರ ಬಾಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಇರುವುದರಿಂದ ಅಂಗಡಿಯಲ್ಲಾಗಲಿ, ಆಸ್ಪತ್ರೆಯ ಕೌಂಟರಿನಲ್ಲಾಗಲಿ ಒಂದು ದಾರಿ ಆಗಿಯೇ ಆಗುತ್ತದೆ. ಕನ್ನಡ ಸಂಘಗಳಿವೆ, ಯಕ್ಷಗಾನ ಕಲಿಸುವವರೂ ಇದ್ದಾರೆ. ಯಾರನ್ನಾದರೂ ಬೈದು ವಾಟ್ಸಾಪಿನಲ್ಲಿ ಬರೆಯುವ, ಕೇಳದೆ ಇನ್ನೊಬ್ಬರ ಫೋಟೋ ಹಾಕುವ ಊರಿನ ಅಭ್ಯಾಸ ಮಾತ್ರ ಊರಲ್ಲೇ ಇರಲಿ. ಅಲ್ಲಿ ಅದು ಕೇಸು.

ಹೊರಡುವ ವಾರದಲ್ಲಿ ನಾನು ಮಾಡಿದ ಕೊನೆಯ ಕೆಲಸ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ತೋಟದ ವ್ಯವಹಾರಕ್ಕೆ ತಮ್ಮನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿದ್ದು. ಅಲ್ಲಿಂದ ಮಾಡಿಸುವುದಾದರೆ ಕಾನ್ಸುಲೇಟಿನ ದೃಢೀಕರಣ, ಮತ್ತೆ ಊರಲ್ಲಿ ಮುದ್ರಾಂಕ, ಎಲ್ಲ ಎರಡು ಸಲ. ಯಾವ ಕೆಲಸಕ್ಕೆ ಅಧಿಕಾರ ಅಂತ ಬಿಡಿಸಿ ಬರೆಸಿ, ಮಾರುವ ಅಧಿಕಾರ ಸುಮ್ನೆ ಸೇರಿಸಬೇಡಿ, ಅದು ಸ್ವಂತ ತಮ್ಮನೇ ಆದರೂ. ವೀಸಾ ಕೈಗೆ ಬಂದ ಮೇಲೆ ಕೇರಳ ಪ್ರವಾಸಿ (ಹೊರದೇಶದಲ್ಲಿರುವವರ) ಕ್ಷೇಮ ಮಂಡಳಿಯ ಸದಸ್ಯತ್ವಕ್ಕೆ, ಅಲ್ಲಿ ಆರು ತಿಂಗಳು ಕಳೆದ ಮೇಲೆ ನೋರ್ಕಾದ ಪ್ರವಾಸಿ ಗುರುತಿನ ಚೀಟಿಗೂ ಅರ್ಜಿ ಹಾಕಿ. ಮಂಡಳಿಗೆ ವಯಸ್ಸು 60 ದಾಟುವ ಮೊದಲು ಸೇರಬೇಕು, ಬೇಗ ಸೇರಿದಷ್ಟು ಪಿಂಚಣಿಗೆ ಒಳ್ಳೆಯದು. ಅರ್ಜಿ ಆನ್‌ಲೈನಿನಲ್ಲೇ ಆಗುತ್ತದೆ, ಅಲ್ಲಿಂದಲೂ ಹಾಕಬಹುದು.