ಗಂಗಾವತಿಯ ದಲಾಲಿ ಅಂಗಡಿಗೆ ಡೇಟಾಬೇಸ್ ಮಾಡಿಕೊಟ್ಟ ಬಗೆ

ಗಂಗಾವತಿಯಲ್ಲಿ ಭತ್ತದ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಶುರು ಮಾಡಿದ್ದು ಫಾಕ್ಸ್‌ಪ್ರೋ ಅನ್ನೋ ಹಳೆಯ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ.

ಕೋಡ್ ಮುಟ್ಟುವ ಮೊದಲು ಗುಮಾಸ್ತರ ಪಕ್ಕ ಕೂತು ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ ನೋಡಿದೆ. ಪ್ರತಿ ಸಾಲಿನ ಅಂಚಿಗೆ ಒಂದು ಸಣ್ಣ ನಂಬರ್ ಇರುತ್ತಿತ್ತು. ಆ ರೈತನ ಖಾತೆ ಲೆಡ್ಜರಿನ ಯಾವ ಪುಟದಲ್ಲಿದೆ ಅಂತ. ಕಾರಟಗಿ ಕಡೆಯ ಬಸವರಾಜರೇ ಎಷ್ಟೋ ಜನ. ಅದರಲ್ಲೂ ಒಬ್ಬನನ್ನೇ ಒಂದು ಕಡೆ ಅಪ್ಪನ ಹೆಸರು ಸೇರಿಸಿ, ಇನ್ನೊಂದು ಕಡೆ ಊರಿನ ಹೆಸರು ಸೇರಿಸಿ ಬರೆದಿರುತ್ತಾರೆ. ಹೆಸರು ಹೇಗಿದ್ದರೂ ಪುಟ ತಪ್ಪುವುದಿಲ್ಲ. ನಾನು ಆ ವರ್ಷದ ಪುಟದ ನಂಬರನ್ನೇ ರೈತನಿಗೆ ಕಾಯಂ ಮಾಡಿಬಿಟ್ಟೆ. ದೀಪಾವಳಿಗೆ ಹೊಸ ಪುಸ್ತಕ ಹಾಕಿದರೂ ನಂಬರ್ ಅದೇ. ರೈತರದ್ದೊಂದು ಟೇಬಲ್, ಆವಕದ್ದೊಂದು (ಅಂಗಡಿಗೆ ಬಂದ ಮಾಲು), ಮುಂಗಡದ್ದೊಂದು. ಹೆಸರು ಒಂದೇ ಕಡೆ, ಉಳಿದ ಕಡೆ ಬರೀ ನಂಬರ್.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾಬೇಸ್ ಬಗ್ಗೆ ಬರೆದ ಲೇಖನದಲ್ಲಿ ಇರುವುದೂ ಇದೇ ದಾರಿ. ಅದಕ್ಕೂ ಮುಂಚಿನ ಐಎಂಎಸ್ ಅನ್ನೋ ಐಬಿಎಂ ಡೇಟಾಬೇಸ್, ಅಪೊಲೊ ರಾಕೆಟ್‌ನ ಬಿಡಿಭಾಗಗಳ ಲೆಕ್ಕಕ್ಕೆ ಹುಟ್ಟಿದ್ದು. ಅದರಲ್ಲಿ ಮೇಲಿಂದ ಕೆಳಕ್ಕೆ ಹಾಕಿಟ್ಟ ದಾರಿಯಲ್ಲೇ ಇಳಿಯಬೇಕು. ಲೆಡ್ಜರಿನ ಕಥೆಯೂ ಅಷ್ಟೇ ಅಲ್ವಾ? ಒಬ್ಬ ರೈತನ ಬಾಕಿ ಕೇಳಿದರೆ ತಕ್ಷಣ ಸಿಗುತ್ತದೆ. ಕಾರಟಗಿಯಿಂದ ಬೇಸಿಗೆ ಬೆಳೆಗೆ ಸೋನಾ ಮಸೂರಿ ಎಷ್ಟು ಚೀಲ ಬಂತು ಅಂದರೆ ಪುಸ್ತಕ ಪೂರ್ತಿ ತಿರುವಬೇಕು. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯುಎಲ್‌ನಲ್ಲಿ ಅದು ಒಂದೆರಡು ಸಾಲು. ಮಾಲೀಕರು ಒಪ್ಪಿದ್ದು ಆ ರಿಪೋರ್ಟ್ ನೋಡಿಯೇ.

ದರಕ್ಕೆ ಮಾತ್ರ ಬೇರೆ ಟೇಬಲ್ ಮಾಡಿ ನಂಬರ್ ಕೊಡಲಿಲ್ಲ. 75 ಕೆಜಿ ಚೀಲದ ದರ ಬೆಳಿಗ್ಗೆ ಒಂದು, ಸಂಜೆ ಒಂದು. ಇವತ್ತು ದರ ತಿದ್ದಿದರೆ ಹಳೆಯ ಪಟ್ಟಿಯ (ಮಾರಾಟದ ಬಿಲ್ಲಿನ) ಮೊತ್ತ ಬದಲಾಗಬಾರದು. ಆ ಹೊತ್ತಿನ ದರ ಪಟ್ಟಿಯಲ್ಲೇ ಇರಲಿ ಅಂತ ಈಗಲೂ ಹೇಳುತ್ತೇನೆ.

ಫಾಕ್ಸ್‌ಪ್ರೋದ ಕಾಟ ಅಂದರೆ ಕರೆಂಟ್. ಕೆಲಸದ ಮಧ್ಯೆ ಹೋದರೆ ಡೇಟಾ ಬೇಗ ಹುಡುಕಲು ಇಟ್ಟ ಇಂಡೆಕ್ಸ್ ಫೈಲ್ ಕೆಡುತ್ತಿತ್ತು. 2015ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ಕೂಡ ನಿಲ್ಲಿಸಿತು. ನಾನು ಎಸ್‌ಕ್ಯುಲೈಟ್ ಅನ್ನೋ ಸಣ್ಣ ಡೇಟಾಬೇಸಿಗೆ ಬಂದೆ. ಆವಕ ಬರೆದು ಮುಂಗಡ ಮುರಿದುಕೊಳ್ಳುವುದನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿದರೆ, ಎರಡೂ ಆಗುತ್ತವೆ, ಇಲ್ಲಾಂದ್ರೆ ಎರಡೂ ಇಲ್ಲ.

ಡೇಟಾ ಸಾಗಿಸುವುದು ಸಲೀಸು. ಜಾಸ್ತಿ ಬೆವರಿಳಿಸಿದ್ದು ಕನ್ನಡ ಹೆಸರುಗಳು. ಹಳೆಯ ಫೈಲಿನಲ್ಲಿ ಅವು ನುಡಿ ಫಾಂಟಿನ ಸಂಕೇತಗಳಾಗಿ ಕೂತಿದ್ದವು. ‘ಮೂರ್ತಿ’ಯ ಅರ್ಕಾವತ್ತು ಅಲ್ಲಿ ‘ತಿ’ ಆದಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು. ಸುಮ್ನೆ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಹೆಸರು ಕಲಸಿಹೋಗುತ್ತದೆ. ಒತ್ತು, ಅರ್ಕಾವತ್ತುಗಳ ಜಾಗ ಬದಲಿಸಲು ಬೇರೆ ನಿಯಮ ಬರೆದು, ಹೆಸರುಗಳ ಪಟ್ಟಿ ಪ್ರಿಂಟ್ ತೆಗೆದು ಗುಮಾಸ್ತರ ಕೈಲಿ ಓದಿಸಿದೆ. ಅದಾದ ಮೇಲೆ ಹೆಸರುಗಳು ಅಕಾರಾದಿಯಾಗಿ ಬರತೊಡಗಿದವು. ಮೊದಲು ಆ ಭಾಗ್ಯ ಇರಲಿಲ್ಲ.

ಒಂದೆರಡು ಕಂಪ್ಯೂಟರಿನ ಅಂಗಡಿಗೆ ಇಷ್ಟು ಸಾಕು. ರೈಸ್ ಮಿಲ್‌ನವರು ಕೇಳಿದರೆ ಪೋಸ್ಟ್‌ಗ್ರೆಸ್ ಅನ್ನೋ ದೊಡ್ಡ ಡೇಟಾಬೇಸ್ ಹಾಕಿಕೊಡುತ್ತೇನೆ. ಅಲ್ಲಿ ತೂಕದವರು, ಗೋಡೌನಿನವರು, ಆಫೀಸಿನವರು ಒಟ್ಟಿಗೇ ಬರೆಯುತ್ತಾರೆ. ಎಸ್‌ಕ್ಯುಲೈಟ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು.