ಹಸಿ ಇದ್ದ ಆಳಕ್ಕೆ ಡಿಎಪಿ ಇಳಿಸಿ

ವಿಜಯಪುರ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಮೇಲಿನ ನಾಲ್ಕು ಬೆರಳು ಮಣ್ಣು ಬೇಗ ಒಣಗುತ್ತದೆ. ಅಲ್ಲಿ ಎರಚಿದ ಡಿಎಪಿಯ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ರಂಜಕ, ಅಂದರೆ ಫಾಸ್ಫರಸ್, ಅಲ್ಲೇ ಕೂರುತ್ತದೆ. ಅದು ಯೂರಿಯಾದಂತೆ ನೀರಿನ ಜೊತೆ ಇಳಿಯುವುದಿಲ್ಲ. ಮಣ್ಣಿನ ಕಣಕ್ಕೆ ಅಂಟಿದ ನೀರಿನ ಪೊರೆಯಲ್ಲಿ ಕರಗಿ ಬೇರಿನತ್ತ ಕೆಲವೇ ಮಿಲಿಮೀಟರ್ ಸರಿಯುತ್ತದೆ. ಹಸಿ ಆರಿದರೆ ಆ ದಾರಿಯೂ ಮುಚ್ಚಿತು. ಸುಣ್ಣದಂಶದ ಎರೆಯಾದರೆ ಕ್ಯಾಲ್ಸಿಯಂ ಕೂಡ ರಂಜಕವನ್ನು ಹಿಡಿದಿಡುತ್ತದೆ. ಚೀಲ ಹೆಚ್ಚಿಸುವ ಮೊದಲು ಆಳ ನೋಡಿ.

ಬಿತ್ತುವ ದಿನ 10–15 ಸೆಂ.ಮೀ. ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗಿ, ಬೆರಳು ಒತ್ತಿದರೆ ಒಡೆದರೆ ಹದ ಸರಿ. ಉಂಡೆಯೇ ಕಟ್ಟದಿದ್ದರೆ ಹಸಿ ಸಾಲದು. ಅಂಗೈಗೆ ಮೆತ್ತಿಕೊಂಡರೆ ಒಂದೆರಡು ದಿನ ತಡೆಯಿರಿ. ಇಲ್ಲದಿದ್ದರೆ ಸಾಲಿನ ಗೋಡೆ ನುಣ್ಣಗೆ ಮೆತ್ತಿ ಗಟ್ಟಿಯಾಗುತ್ತದೆ, ಬೇರು ಹೊರಬರಲು ತಿಣುಕುತ್ತದೆ.

ಗೊಬ್ಬರ ಬೀಜಕ್ಕಿಂತ 4–5 ಸೆಂ.ಮೀ. ಕೆಳಗೆ, ಅಷ್ಟೇ ಪಕ್ಕಕ್ಕೆ ಬೀಳಬೇಕು. ಕೂರಿಗೆಯನ್ನು (ಬಿತ್ತುವ ಸಾಧನ) ಹತ್ತು ಹೆಜ್ಜೆ ಓಡಿಸಿ, ಸಾಲು ಅಗೆದು ಕಣ್ಣಾರೆ ನೋಡಿಕೊಳ್ಳಿ. ಎರಡೂ ಒಂದೇ ಕಡೆ ಬಿದ್ದು ಹಸಿ ಕಡಿಮೆಯಿದ್ದರೆ ಡಿಎಪಿಯಿಂದ ಏಳುವ ಅಮೋನಿಯಾ ಮೊಳಕೆಯನ್ನು ಸುಡುತ್ತದೆ. ಸಾಲಿನಲ್ಲಿ ಅಲ್ಲಲ್ಲಿ ಹುಟ್ಟದೆ ಉಳಿದಾಗ ಬೀಜವನ್ನಷ್ಟೇ ದೂರಬೇಡಿ.

ಕಡಲೆಗೆ ಎಕರೆಗೆ 20 ಕೆ.ಜಿ. ರಂಜಕ (ಗೊಬ್ಬರದ ಚೀಲದ ಮೇಲಿನ P₂O₅ ಲೆಕ್ಕದಲ್ಲಿ) ಎಂದರೆ ಸುಮಾರು 43 ಕೆ.ಜಿ. ಡಿಎಪಿ. ಸಿಂಗಲ್ ಸೂಪರ್ ಫಾಸ್ಫೇಟ್ ಆದರೆ 125 ಕೆ.ಜಿ.; ಗಂಧಕವೂ ಸಿಗುತ್ತದೆ, ಸಾರಜನಕ ಬೇರೆ ಕೊಡಬೇಕು. ಮಣ್ಣು ಪರೀಕ್ಷೆಯಲ್ಲಿ ರಂಜಕ ಹೆಚ್ಚು ಬಂದಿದ್ದರೆ ಇಷ್ಟು ಬೇಡ.

ಜೋಳದ ಸಸಿಯ ಎಲೆ ನೇರಳೆಗೆ ತಿರುಗಿದರೆ ಮೊದಲು ಬುಡದ ಪಕ್ಕ ಅಗೆಯಿರಿ. ಬೇರಿನ ಸುತ್ತ ಒಣಗಿದ್ದರೆ ಗೊಬ್ಬರ ಇದ್ದೂ ಸಿಗುತ್ತಿಲ್ಲ. ಚಳಿಗೂ ಹೀಗಾಗುವುದುಂಟು. ಮೇಲೆ ಡಿಎಪಿ ಎರಚಿ ಹಣ ಕಳೆಯಬೇಡಿ, ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಮಣ್ಣಿನ ಬಿರುಕು ಮುಚ್ಚಿ. ಒಳಗಿನ ಹಸಿಯಾದರೂ ಉಳಿಯುತ್ತದೆ. ಕಡಲೆ ಹೂಬಿಡುವಾಗ 2 ಕೆ.ಜಿ. ಡಿಎಪಿ ರಾತ್ರಿ ನೆನೆಸಿ, ತಿಳಿ ಸೋಸಿ, 100 ಲೀಟರ್ ನೀರಿಗೆ ಸೇರಿಸಿ ಸಂಜೆ ಸಿಂಪಡಿಸಬಹುದು. ಬಿತ್ತುವಾಗಿನ ಗೊಬ್ಬರಕ್ಕೆ ಇದು ಬದಲಿಯಲ್ಲ.

ಬಾಗಲಕೋಟೆಯ ಕಬ್ಬಿನ ಹೊಲಗಳಲ್ಲಿ ಕಷ್ಟ ಇದರ ಉಲ್ಟಾ. ನೀರು ನಿಂತರೆ ಬೇರಿಗೆ ಗಾಳಿಯಿಲ್ಲ, ರಂಜಕ ಕರಗಿದ್ದರೂ ಹೀರುವ ಶಕ್ತಿ ಇರುವುದಿಲ್ಲ. ಅಲ್ಲಿ ಮೊದಲು ಬಸಿಗಾಲುವೆ ತೆಗೆಯಿರಿ, ಗೊಬ್ಬರ ಆಮೇಲೆ.